ಕರೆಂಟ್ ಬಂದಾಗ ಕರೆದವರು

ಶಹಾಬಾದ
೨೦ ಜನವರಿ ೨೦೦೧

ಚಿರಂಜೀವಿ ಮಶಾಕನಿಗೆ ಭಾಮಕ್ಕನ ಆಶೀರ್ವಾದ.

ನಿನ್ನ ಚಿಂಚೋಳಿ ಅಂಗಡಿಯ ವಿಳಾಸವನ್ನು ನಿಮ್ಮ ಅಮ್ಮಿ ಜೈತುನ್ಬೀ ಅವರನ್ನು ಕೇಳಿ ಬರೆದುಕೊಂಡೆ. ಕೌಸ್ತುಭ ಹೋದ ಮೇಲೆ ನೀನು ಒಂದು ಸಲವೂ ನಮ್ಮ ಮನೆಯ ಕಡೆ ಹಾಯಲಿಲ್ಲ. ಅದಕ್ಕೆ ನನಗೆ ಸಿಟ್ಟಿದೆ, ಮೊದಲೇ ಹೇಳಿಬಿಡುತ್ತೇನೆ. ಏಳನೆಯ ಇಯತ್ತೆಯಲ್ಲಿ ನನ್ನ ಕೈಯಿಂದ ಕಿವಿ ಹಿಂಡಿಸಿಕೊಂಡವನು ನೀನು. ನನ್ನ ತಮ್ಮನ ಜೊತೆ ನಮ್ಮ ಪಡಸಾಲೆಯಲ್ಲೇ ಬೆಳೆದವನು. ಈಗ ದಾರಿ ಮರೆತೆಯಾ?

ಇರಲಿ, ವಿಷಯಕ್ಕೆ ಬರುತ್ತೇನೆ. ಸಂಕ್ರಾಂತಿಗೆಂದು ಹೊರಗಿನ ಕೋಣೆ ಝಾಡಿಸುತ್ತಿದ್ದೆ. ಕರೆಂಟ್ ಇರಲಿಲ್ಲ, ನಮ್ಮೂರಲ್ಲಿ ಅದು ಇರುವುದಾದರೂ ಯಾವಾಗ! ಶ್ರಾವಣದಲ್ಲಿ ಕಾಮಣಿ ಬೇನೆಯಾಗಿ ಅವನು ತೀರಿಹೋದಂದಿನಿಂದ ಅವನ ಕಂಪ್ಯೂಟರಿಗೆ ಅವ್ವನ ಹಳೆಯ ಸೀರೆ ಹೊದಿಸಿಟ್ಟಿದ್ದೆ. ಅದನ್ನು ತೆಗೆದು ಒರೆಸಿದೆ. ಗೋಡೆಯ ಮೇಲಿನ ಸ್ವಿಚ್ಚಿನ ಗುಂಡಿಗಳನ್ನೂ ಒರೆಸಿದೆ. ಒರೆಸುವಾಗ ಯಾವುದೋ ಗುಂಡಿ ಕೆಳಗಾಗಿರಬೇಕು. ಆಮೇಲೆ ಒಳಗೆ ಕೂತು ಎಳ್ಳು ಹುರಿಯುತ್ತಿದ್ದಾಗ ಕರೆಂಟ್ ಬಂತು. ಹೊರಗಿನ ಕೋಣೆಯಲ್ಲಿ ‘ಪೀಂ’ ಎಂದು ಸಪ್ಪಳವಾಯಿತು.

ಬಂದು ನೋಡಿದರೆ ಕಂಪ್ಯೂಟರ್ ತಾನೇ ಚಾಲೂ ಆಗಿ ಕೂತಿದೆ! ಪೆಟ್ಟಿಗೆಯ ಮೇಲಿನ ಗುಂಡಿಯನ್ನು ಯಾರೂ ಒತ್ತಿಲ್ಲ, ಮನೆಯಲ್ಲಿ ನನ್ನ ಬಿಟ್ಟು ಯಾರೂ ಇಲ್ಲ. ಮೊದಲು ನೀಲಿ ಪರದೆ ಬಂತು. ಅದರ ಮೇಲೆ ಹಳದಿ ಪಟ್ಟಿಯೊಂದು ನಿಧಾನವಾಗಿ ಮುಂದೆ ಹೋಯಿತು, ಏನೋ ಕಳೆದದ್ದನ್ನು ಹುಡುಕುವ ಹಾಗೆ. ಆಮೇಲೆ ಒಂದು ಸಣ್ಣ ಕಿಟಕಿ ತೆರೆದು ಅದರಲ್ಲಿ ಸಾಲು ಸಾಲಾಗಿ ಅಂಕಿಗಳು ಬರತೊಡಗಿದವು. ಒಂದು ಸಾಲು ಮುಗಿದು ಸ್ವಲ್ಪ ಹೊತ್ತಿಗೆ ಇನ್ನೊಂದು. ನಾನು ಬೊಬ್ಬೆ ಹೊಡೆಯಲಿಲ್ಲ ನೋಡಪ್ಪ. ಅವನ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತೆ. “ಅಕ್ಕಾ, ಜರಾ ತಡಿ, ಲೆಕ್ಕ ನಡದದ” ಅಂತ ಅನ್ನುತ್ತಿದ್ದನಲ್ಲ, ಹಾಗೇ ತಡೆದು ಕೂತೆ. ಅವತ್ತು ಹೊಟ್ಟೆ ತುಂಬ ಉಂಡೆ. ಅವನು ಹೋದ ಮೇಲೆ ಅದೇ ಮೊದಲು.

ಅಂದಿನಿಂದ ಪ್ರತಿ ಸಲ ಕರೆಂಟ್ ಬಂದಾಗಲೂ ಹೀಗೇ. ಸೇಡಂನ ವಿಠ್ಠಲ ಕಾಕಾ ಬಂದಿದ್ದಾಗ ಅವರ ಎದುರಿಗೂ ಚಾಲೂ ಆಯಿತು. ದೇವಸ್ಥಾನದಲ್ಲಿ ಪೂಜೆ ಮಾಡುವ ಮನುಷ್ಯ, ಜನಿವಾರ ಹಿಡಿದುಕೊಂಡು ಎದ್ದು ನಿಂತರು. “ಭಾಮಾ, ಇದನ್ನ ಮನಿಯಾಗ ಇಡಬ್ಯಾಡ, ಯಾರಿಗರ ಕೊಟ್ಟುಬಿಡು. ಬರೋ ಶ್ರಾವಣಕ್ಕ ವರ್ಷಾಂತ ಮಾಡೂದದ. ಜೀವ ಹಿಂಗ ಮನಿ ಹಿಡಕೊಂಡು ಕೂತ್ರ ಅದಕ್ಕ ಮುಂದಿನ ದಾರಿ ಹ್ಯಾಂಗ?” ಅಂದರು. ನಾನು ಹೇಳಿಬಿಟ್ಟೆ: ಮನೆಯಲ್ಲೇ ಇರುವವನಿಗೆ ನಾನು ಪಿಂಡ ಇಡಿಸುವುದಿಲ್ಲ.

ಆ ಪೆಟ್ಟಿಗೆಯನ್ನು ಕಟ್ಟಿದವರು ನೀವಿಬ್ಬರು. ಅದರ ಹೊಟ್ಟೆಯಲ್ಲಿ ಏನಿದೆ ಎಂದು ಬಲ್ಲವನು ಈಗ ನೀನೊಬ್ಬನೇ. ಕೌಸ್ತುಭ ಅದರಲ್ಲಿದ್ದಾನೋ ಇಲ್ಲವೋ? ನೇರವಾಗಿ ಬರೆ. ಬಸ್ ಸ್ಟ್ಯಾಂಡಿನ ಬೂತಿನಲ್ಲಿ ನಿಂತು ಫೋನಿನಲ್ಲಿ ಕೇಳುವ ಮಾತಲ್ಲ ಇದು. ಇನ್ನೊಂದು: ಅದು ಭಾಳ ಬಿಸಿಯಾಗುತ್ತಿದೆ. ಒಮ್ಮೊಮ್ಮೆ ಅಂಕಿಗಳು ನಡುವೆಯೇ ನಿಂತುಬಿಡುತ್ತವೆ. ಸುಟ್ಟು ಹೋದರೆ ನಾನೇನು ಮಾಡಲಿ?

ಭಾಮಾ


ಚಿಂಚೋಳಿ
೨೯ ಜನವರಿ ೨೦೦೧

ಭಾಮಕ್ಕಾರಿಗೆ ಮಶಾಕನ ಸಲಾಂ.

ನಿಮ್ಮ ಅಕ್ಷರ ನೋಡಿದ ಕೂಡಲೇ ಕುರ್ಚಿಯಿಂದ ಎದ್ದು ನಿಂತೆ. ಅಂಗಡಿಯ ಮಾಲೀಕರು ಮಜೀದಸಾಬರು “ಯಾರ್ದಪಾ ಪತ್ರ, ಕಲೆಕ್ಟರಂದೇನು?” ಅಂತ ನಕ್ಕರು. ಅದಕ್ಕಿಂತ ದೊಡ್ಡವರದು ಅಂದೆ. ನನ್ನ ಬರವಣಿಗೆಯಲ್ಲಿ ತಪ್ಪಿದ್ದರೆ ಕೆಂಪು ಶಾಯಿ ಹಾಕಿ ತಿರುಗಿ ಕಳಿಸಬೇಡಿ.

ನೀವು ಕೇಳಿದ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಬಿಸಿಯ ಮಾತು, ಅದು ಜರೂರಿನದು.

ಆ ಕಂಪ್ಯೂಟರಿನ ಮಿದುಳು ಪ್ರೊಸೆಸರ್. ಕಾರ್ಖಾನೆಯಿಂದ ಬಂದಾಗ ಅದರ ವೇಗ ಮುನ್ನೂರ ಅರವತ್ತಾರು ಮೆಗಾಹರ್ಟ್ಸ್. ಅವನು ಅದನ್ನು ಐನೂರ ಐವತ್ತಕ್ಕೆ ಏರಿಸಿದ್ದ. ಇದಕ್ಕೆ ಓವರ್‌ಕ್ಲಾಕ್ ಅನ್ನುತ್ತಾರೆ. ಹೊಸದನ್ನು ಕೊಳ್ಳದೆ ಇದ್ದದ್ದರಿಂದಲೇ ಹೆಚ್ಚು ಕೆಲಸ ತೆಗೆಯುವುದು. ಆದರೆ ವೇಗ ಹೆಚ್ಚಿದರೆ ಬಿಸಿಯೂ ಹೆಚ್ಚು. ಆ ಬಿಸಿಯನ್ನು ಹೊರಗೆ ಹಾಕಲು ಪ್ರೊಸೆಸರಿನ ಮೇಲೆ ಅಲ್ಯೂಮಿನಿಯಂ ಹಲ್ಲುಗಳ ದಪ್ಪ ಬಿಲ್ಲೆ ಇದೆ, ಅದರ ಮೇಲೆ ಫ್ಯಾನ್ ಇದೆ. ಎರಡೂ ಸೇರಿ ಕೂಲರ್. ಬೇಸಿಗೆಯಲ್ಲಿ ಕಿಟಕಿಗೆ ಇಟ್ಟು ನೀರು ಹಾಕುತ್ತೀರಲ್ಲ, ಆ ಕೂಲರ್ ಅಲ್ಲ. ದಯವಿಟ್ಟು ಇದಕ್ಕೆ ನೀರು ಹಾಕಬೇಡಿ!

ಅವನು ದುಡುಕಿ ಮಾಡಿದ್ದಲ್ಲ ಅಕ್ಕಾ. ಒಂದು ಸಲಕ್ಕೆ ಒಂದಿಷ್ಟೇ ಏರಿಸುವುದು, ಭಾರಿ ಲೆಕ್ಕ ಕೊಟ್ಟು ಮಾಡಿಸುವುದು, ಬಿಸಿ ಎಲ್ಲಿಗೆ ಮುಟ್ಟಿತೆಂದು ನೋಡುವುದು. ಲೆಕ್ಕ ತಪ್ಪಿದರೆ ಹಿಂದಕ್ಕೆ ಬರುವುದು. ನಾನು “ಏರಸಲೇ, ಏನಾಗ್ತದ” ಅಂತಿದ್ದೆ. ಅವನು “ಸುಮ್ಮನ ಕೂಡಲೇ ಮಶ್ಯಾ, ಇದೇನ್ ನಿಮ್ಮ ಚಾಚಾನ ಲೂನಾ ಗಾಡಿ ಏನು” ಅಂತಿದ್ದ.

ಈಗ ಬಿಸಿಯಾಗುತ್ತಿರುವುದಕ್ಕೆ ಕಾರಣ ನಮ್ಮೂರಿನ ಫರಸಿ ಕಲ್ಲಿನ ಧೂಳು. ಪಾಲಿಶ್ ಕಾರ್ಖಾನೆಗಳ ಬಿಳಿ ಪುಡಿ ಆ ಹಲ್ಲುಗಳ ಸಂದಿಯಲ್ಲಿ ಕೂತು ಗಾಳಿ ಆಡುತ್ತಿಲ್ಲ. ಗೋಡೆಯ ಗುಂಡಿ ಬಂದ್ ಮಾಡಿ, ವೈರ್ ಕಿತ್ತು, ಎಡ ಬದಿಯ ತಗಡು ಬಿಚ್ಚಿ. ಬಣ್ಣ ಬಳಿಯುವ ಮೆತ್ತನೆಯ ಬ್ರಷ್ಷಿನಿಂದ ಫ್ಯಾನಿನ ರೆಕ್ಕೆ, ಹಲ್ಲು ಎಲ್ಲ ಝಾಡಿಸಿ. ಅಷ್ಟಕ್ಕೂ ಬಿಸಿ ಇಳಿಯದಿದ್ದರೆ ಮಾತ್ರ ಕೂಲರ್ ಎತ್ತಬೇಕು. ಅದರ ಉಕ್ಕಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿದರೆ ಬಿಡುತ್ತದೆ. ಕೆಳಗೆ ಹಳೆಯ ಲೇಪ ಒಣಗಿರುತ್ತದೆ. ಅದನ್ನು ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿ, ಹೊಸದನ್ನು ಸಾಸಿವೆ ಕಾಳಿನಷ್ಟೇ ಹಚ್ಚಿ ಕೂಲರ್ ಕೂಡಿಸಿ. ಲೇಪದ ಟ್ಯೂಬನ್ನು ಸೇಡಂ ಬಸ್ಸಿನ ಕಂಡಕ್ಟರ್ ಅಲ್ಲಾವುದ್ದೀನನ ಕೈಯಲ್ಲಿ ಕಳಿಸುತ್ತೇನೆ. ನಿಮಗೆ ತ್ರಾಸು ಅನಿಸಿದರೆ ಕೈ ಹಚ್ಚಬೇಡಿ, ಮುಂದಿನ ವಾರ ನಾನೇ ಬರುತ್ತೇನೆ.

ಅದು ತಾನೇ ಚಾಲೂ ಆಗುವುದರ ಬಗ್ಗೆ ನೀವು ಬರೆದದ್ದನ್ನು ಓದಿದೆ. ಹೊಟ್ಟೆ ತುಂಬ ಉಂಡೆ ಅಂತ ಬರೆದದ್ದನ್ನು ಇನ್ನೂ ಹೆಚ್ಚು ಸಲ ಓದಿದೆ. ದಿನಾ ಹಾಗೇ ಉಣ್ಣಿರಿ.

ಮಶಾಕ


ಶಹಾಬಾದ
೪ ಮಾರ್ಚ್ ೨೦೦೧

ಚಿ. ಮಶಾಕನಿಗೆ ಆಶೀರ್ವಾದ.

ಮುಂದಿನ ವಾರ ಬರುತ್ತೇನೆ ಅಂದವನ ವಾರ ಇನ್ನೂ ಬಂದಿಲ್ಲ. ಪರವಾಗಿಲ್ಲ, ನಿನ್ನ ಪತ್ರ ನನಗೆ ಸಮಾಧಾನ ಕೊಟ್ಟಿತು. ನಾನು ನೇರ ಪ್ರಶ್ನೆ ಕೇಳಿದ್ದೆ, ನೀನು ಇಲ್ಲ ಎನ್ನಲಿಲ್ಲ. ಅವನು ಅಲ್ಲಿ ಇಲ್ಲದಿದ್ದರೆ ನೀನು ಮೊದಲ ಸಾಲಿನಲ್ಲೇ ಇಲ್ಲ ಎಂದು ಬರೆಯುತ್ತಿದ್ದೆ, ನಿನ್ನನ್ನು ನಾನು ಬಲ್ಲೆ. ಚಿಕ್ಕವನಿದ್ದಾಗಿನಿಂದ ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಲಾಗದ್ದಿದ್ದರೆ ಬೇರೆ ಮಾತು ತೆಗೆಯುತ್ತೀ.

ತಡವಾಗಿ ಬರೆಯಲು ಕಾರಣ ಜನಗಣತಿ. ನಮ್ಮ ಓಣಿಯನ್ನು ನನಗೇ ಹಾಕಿದ್ದರು. ಮನೆ ಮನೆ ತಿರುಗಿ ಕಾಲು ಬಿದ್ದುಹೋದವು. ಪಕ್ಕದ ರಶೀದಾಬೇಗಂ ಅವರ ಮನೆಯಲ್ಲಿ ಮಕ್ಕಳ ಹೆಸರು ಬರೆಯುವಷ್ಟರಲ್ಲಿ ಚಹಾ ಆರಿತು. ಕೊನೆಗೆ ನಮ್ಮ ಮನೆಯ ಹಾಳೆಯನ್ನು ನಾನೇ ತುಂಬಬೇಕಾಯಿತು. ಮನೆಯಲ್ಲಿರುವವರು ಎಷ್ಟು ಜನ ಎಂಬಲ್ಲಿ ಪೆನ್ನು ನಿಂತಿತು. ಹೊರಗಿನ ಕೋಣೆಯಲ್ಲಿ ಅವನ ಲೆಕ್ಕ ನಡೆದಿತ್ತು, ಫ್ಯಾನಿನ ಸಪ್ಪಳ ಕೇಳುತ್ತಿತ್ತು. ಒಂದು ಎಂದು ಬರೆದೆ. ಸರಕಾರಕ್ಕೆ ಅಷ್ಟು ಸಾಕು.

ಈಗ ನಿನ್ನ ಕೂಲರಿನ ಕತೆ. ತಗಡು ಬಿಚ್ಚಿದೆ. ಅಯ್ಯ, ಏನು ಧೂಳು! ಬ್ರಷ್ ಹಾಕಿದರೂ ಬಿಸಿ ಇಳಿಯಲಿಲ್ಲ, ಹಾಗಾಗಿ ಕೊಂಡಿ ಒತ್ತಿ ಬಿಲ್ಲೆಯನ್ನು ಎತ್ತಿಯೇಬಿಟ್ಟೆ. ಕೆಳಗೆ ಪ್ರೊಸೆಸರಿನ ನೆತ್ತಿಯ ಮೇಲೆ ಬೆಳ್ಳಗೆ ಒಣಗಿದ್ದು ಕಂಡಾಗ ಅದೇನೆಂದು ನನಗೆ ಕೂಡಲೇ ತಿಳಿಯಿತು. ನಿನಗೆ ಬಿಡಿಸಿ ಬರೆಯುವುದಿಲ್ಲ, ನಿನಗೆ ಗೊತ್ತಿದ್ದೇ ಇರಬೇಕು, ನನ್ನೊಬ್ಬಳಿಗೆ ಮುಚ್ಚಿಟ್ಟಿದ್ದಿರಿ. ಮುಂಜಿಯಾದ ಮೇಲೆ ಎಷ್ಟು ಜಗಳಾಡಿದ ನನ್ನ ಜೊತೆ! “ನನಗ ಅವೆಲ್ಲ ನಂಬಿಕಿ ಇಲ್ಲಕ್ಕಾ” ಅಂದವನು. ಕೂಲರ್ ಕೈಯಲ್ಲಿ ಹಿಡಿದು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಸಂತೋಷಕ್ಕೆ ಅತ್ತೆ ಮಶಾಕ.

ಹಳೆಯದನ್ನು ಒರೆಸಿ ಅವನು ಹಚ್ಚಿದ್ದನ್ನೇ ಹೊಸದಾಗಿ ಹಚ್ಚಿದೆ. ನೀನು ಕಳಿಸಿದ ಟ್ಯೂಬು ಮುಟ್ಟಿತು, ಬೇಕಾಗಲಿಲ್ಲ. ಕಪಾಟಿನಲ್ಲಿ ಇಟ್ಟಿದ್ದೇನೆ.

ಭಾಮಾ


ಚಿಂಚೋಳಿ
೧೪ ಮಾರ್ಚ್ ೨೦೦೧

ಭಾಮಕ್ಕಾರಿಗೆ ಸಲಾಂ.

ಶಾಬ್ಬಾಸ್ ಅಕ್ಕಾ! ನಮ್ಮ ಅಂಗಡಿಯಲ್ಲಿ ಹೊಸದಾಗಿ ಕಲಿಯುವವರು ಆ ಕೊಂಡಿಗೆ ಹೆದರುತ್ತಾರೆ. ಅವನ ಡ್ರಾಯರಿನಲ್ಲಿ ಹಳೆಯ ಟ್ಯೂಬ್ ಉಳಿದಿತ್ತೆಂದು ಕಾಣುತ್ತದೆ, ಒಳ್ಳೆಯದಾಯಿತು. ನೀವು ಯಾಕೆ ಅತ್ತಿರೋ ನನಗೆ ಪೂರಾ ತಿಳಿಯಲಿಲ್ಲ, ಆದರೆ ಸಂತೋಷಕ್ಕೆ ಅಂದಿರಿ, ಸಾಕು.

ಬಿಸಿಲು ಏರುತ್ತಿದೆ. ತಗಡನ್ನು ತೆಗೆದೇ ಇಡಿ, ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಮೊಳ ಮುಂದೆ ಎಳೆಯಿರಿ. ಒಳಗೆ ತಂಪು ಗಾಳಿ ಬಂದರೆ ತಾನೇ ಕೂಲರಿಗೆ ತಂಪು ಮಾಡಲಿಕ್ಕೆ ಆಗುವುದು. ಬಕ್ರೀದಿಗೆ ಬರಬೇಕೆಂದಿದ್ದೆ, ಅಂಗಡಿ ಬಿಡಲಾಗಲಿಲ್ಲ. ಯುಗಾದಿ ಮುಗಿದ ಮೇಲೆ ಖಂಡಿತ ಬರುತ್ತೇನೆ.

ಮಶಾಕ


ಶಹಾಬಾದ
೧೯ ಏಪ್ರಿಲ್ ೨೦೦೧

ಮಶಾಕ,

ಅವನಿಗೆ ಏನೋ ಸಂಕಟವಾಗುತ್ತಿದೆ.

ಈಗ ಹದಿನೈದು ದಿನದಿಂದ ಚಾಲೂ ಆದ ಸ್ವಲ್ಪ ಹೊತ್ತಿಗೇ ಅಂಕಿಗಳು ನಿಂತುಬಿಡುತ್ತವೆ. ಆಮೇಲೆ ಪೆಟ್ಟಿಗೆಯೊಳಗಿನಿಂದ ಕೂಗು ಶುರುವಾಗುತ್ತದೆ. ಒಮ್ಮೆ ಏರಿದ ದನಿ, ಒಮ್ಮೆ ಇಳಿದ ದನಿ, ಬಿಡುವೇ ಇಲ್ಲ. ಕರೆಂಟ್ ಹೋಗುವವರೆಗೂ ಕೂಗುತ್ತದೆ. ಕಾಮಣಿ ಏರಿದಾಗ ಕೊನೆಯ ಎರಡು ದಿನ ಅವನು ಹೀಗೇ ನರಳುತ್ತಿದ್ದ, ನಾನು ಪಕ್ಕದಲ್ಲಿ ಕೂತು ಕೇಳಿದವಳು. ಮತ್ತೆ ಕೇಳುತ್ತಿದ್ದೇನೆ. ಗುಂಡಿ ಬಂದ್ ಮಾಡಲು ಕೈ ಹೋಗುತ್ತದೆ, ಬಂದ್ ಮಾಡಿದರೆ ಅವನ ಬಾಯಿ ಮುಚ್ಚಿದ ಹಾಗೆ ಅನಿಸುತ್ತದೆ. ಕಿವಿಗೆ ಸೆರಗು ಕಟ್ಟಿಕೊಂಡು ಅಡಿಗೆ ಮನೆಯಲ್ಲಿ ಕೂಡುತ್ತೇನೆ. ರಶೀದಾಬೇಗಂ ಗೋಡೆಯಾಚೆಯಿಂದ “ಬಾಯಾರ, ಏನದು ಅಳಾಕತ್ತದಲ್ಲ?” ಎಂದು ಕೇಳಿದರು. ಅಂದರೆ ನನಗೊಬ್ಬಳಿಗೆ ಕೇಳುವುದಲ್ಲ.

ಉರಿ ಇಳಿಯಲಿ ಎಂದು ಗೋಪಿಚಂದನವನ್ನು ಮತ್ತೂ ದಪ್ಪಗೆ ತೇಯ್ದು ಹಚ್ಚಿದೆ. ಅವನೇ ತನ್ನ ಕೈಯಾರೆ ಹಚ್ಚಿದ್ದ ಗೋಪಿಚಂದನ, ಅವ್ವನ ಕಾಲದ ತುಂಡು, ದ್ವಾರಕೆಯದು. ಹಣೆಗೆ ಹಚ್ಚಿಕೊಳ್ಳೋ ಅಂದರೆ ಒಲ್ಲೆ ಅಂದವನು ತನ್ನ ಯಂತ್ರದ ನೆತ್ತಿಗೆ ಹಚ್ಚಿದ್ದ. ಅದೂ ತಂಪು ಕೊಡಲಿಲ್ಲ. ಕೂಗು ಹೆಚ್ಚೇ ಆಯಿತು.

ನಾನು ಅವನನ್ನು ಹಿಡಿದಿಟ್ಟುಕೊಂಡು ಹಿಂಸೆ ಕೊಡುತ್ತಿದ್ದೇನೆಯೇ? ಬಾ. ಈ ಸಲ ಬರೆಯಬೇಡ, ಬಾ.

ಭಾಮಾ


ಶಹಾಬಾದ
೩೦ ಏಪ್ರಿಲ್ ೨೦೦೧

ಮಶಾಕ,

ನೀನು ಬರಲಿಲ್ಲ, ಪತ್ರವೂ ಇಲ್ಲ. ಆದರೂ ಬರೆಯುತ್ತೇನೆ, ಇದನ್ನು ಹೇಳಲು ನನಗೆ ಬೇರೆ ಯಾರಿದ್ದಾರೆ?

ಹೋದ ಬುಧವಾರ ದೀಪ ಹಚ್ಚುವ ಹೊತ್ತು. ಕರೆಂಟ್ ಹೋಗಿತ್ತು. ನಾನು ಅಡಿಗೆ ಮನೆಯಲ್ಲಿ ಕಂದೀಲಿನ ಗಾಜು ಒರೆಸುತ್ತಿದ್ದೆ. ಕರೆಂಟ್ ಬಂತು. ಎಂದಿನಂತೆ ‘ಪೀಂ’ ಅಂದಿತು. ಅದರ ಬೆನ್ನಿಗೇ ಹೊರಗಿನ ಕೋಣೆಯಲ್ಲಿ ಧ್ವನಿ ಕೇಳಿತು. “ಕೌಸ್ತುಭಾ” ಎಂದು. ಯಂತ್ರದ ಕೂಗಲ್ಲ ಮಶಾಕ, ಮನುಷ್ಯರ ಧ್ವನಿ. ಹುಡುಗರ ಧ್ವನಿ, ಗಂಟಲು ಕಟ್ಟಿದ ಹಾಗಿತ್ತು. ಕಂದೀಲಿನ ಗಾಜು ಕೈಬಿಟ್ಟು ಓಡಿ ಬಂದೆ. ಕೋಣೆಯಲ್ಲಿ ಯಾರೂ ಇಲ್ಲ. ಪರದೆಯ ನೀಲಿ ಬೆಳಕು ಅವನ ಕುರ್ಚಿಯ ಮೇಲೆ ಬಿದ್ದಿತ್ತು. ಕಿಟಕಿ ತೆರೆದಿತ್ತು. ಬಾಗಿಲು ತೆಗೆದು ನೋಡಿದರೆ ಓಣಿಯಲ್ಲಿ ನಾಯಿಯೂ ಇರಲಿಲ್ಲ.

ತನ್ನ ಹೆಸರನ್ನು ತಾನೇ ಕರೆದುಕೊಳ್ಳುವಷ್ಟು ದಿಕ್ಕು ತಪ್ಪಿದ್ದಾನೆಯೇ ನನ್ನ ತಮ್ಮ? ನಾನು ಅಲ್ಲೇ ನಿಂತು, “ಕೌಸ್ತುಭಾ, ನಾ ಇಲ್ಲೇ ಇದ್ದೀನೋ, ಏನ್ ಬೇಕು ಹೇಳೋ” ಅಂತ ಎಷ್ಟು ಸಲ ಕೂಗಿದೆನೋ. ಸ್ವಲ್ಪ ಹೊತ್ತಿಗೆ ಆ ಸಂಕಟದ ಕೂಗು ಶುರುವಾಯಿತು, ಅಷ್ಟೆ.

ನಿನ್ನೆ ಕಾಕಾ ಬಂದಿದ್ದರು. ಶ್ರಾವಣದ ತಿಥಿಗೆ ಬ್ರಾಹ್ಮಣರಿಗೆ ಹೇಳಬೇಕು, ಹೌದೋ ಅಲ್ಲೋ ಹೇಳು ಅಂದರು. ನಾನು ಎದ್ದು ಎಲೆ ಹಾಕಿದೆ. ಅವರು ಊಟ ಮಾಡದೆ ಹೋದರು.

ಭಾಮಾ


ಚಿಂಚೋಳಿ
೮ ಮೇ ೨೦೦೧

ಭಾಮಕ್ಕಾ,

ಈ ಪತ್ರ ಓದಿ ನೀವು ನನ್ನ ಮುಖ ನೋಡಲಿಕ್ಕಿಲ್ಲ. ಆದರೂ ಬರೆಯಲೇಬೇಕು.

ಮೊದಲು ಎದ್ದು ಹೋಗಿ ಗೋಡೆಯ ಗುಂಡಿ ಬಂದ್ ಮಾಡಿ ಬನ್ನಿ. ಆಮೇಲೆ ಮುಂದೆ ಓದಿ.

ಆ ಕೂಗು ಅವನದಲ್ಲ. ಪ್ರೊಸೆಸರ್ ಮಿತಿ ಮೀರಿ ಬಿಸಿಯಾದರೆ ಅದು ಕೂತಿರುವ ಒಳಗಿನ ಬೋರ್ಡು ಎರಡು ದನಿಯಲ್ಲಿ ಎಚ್ಚರಿಕೆ ಕೊಡುತ್ತದೆ. ಬಿಸಿಯಾಗಿದ್ದು ಗೋಪಿಚಂದನದಿಂದ. ಕೂಲರಿಗೂ ಪ್ರೊಸೆಸರಿಗೂ ನಡುವೆ ಕಣ್ಣಿಗೆ ಕಾಣದ ಸಂದಿಗಳಿರುತ್ತವೆ, ಅವನ್ನು ತುಂಬಿ ಬಿಸಿಯನ್ನು ಮೇಲಕ್ಕೆ ದಾಟಿಸಲಿಕ್ಕೆ ಆ ಲೇಪ. ಗೋಪಿಚಂದನ ಮಣ್ಣು. ಒಣಗಿ ಬಿರುಕು ಬಿಟ್ಟು ಬಿಸಿಯನ್ನು ಒಳಗೇ ತಡೆಯುತ್ತದೆ. ದಪ್ಪಗೆ ಹಚ್ಚಿದಷ್ಟೂ ಇನ್ನೂ ತಡೆಯುತ್ತದೆ.

ಅಲ್ಲಿದ್ದ ಬಿಳಿಯದು ಗೋಪಿಚಂದನವಾಗಿರಲಿಲ್ಲ ಅಕ್ಕಾ. ಅದು ಪೇಸ್ಟು. ಕಲಬುರಗಿಯ ಅಂಗಡಿಯಲ್ಲಿ ತಂದದ್ದು, ನಾನೇ ಹಚ್ಚಿದ್ದು. ಇದನ್ನು ಬರೆಯುವಾಗ ನನಗೆ ಬಹಳ ಕೆಟ್ಟ ಅನಿಸುತ್ತಿದೆ.

ತಾನೇ ಚಾಲೂ ಆಗುವುದೂ ಒಂದು ಸೆಟ್ಟಿಂಗ್. ಐನೂರ ಐವತ್ತರಲ್ಲಿ ಯಂತ್ರ ಪಕ್ಕಾ ನಿಲ್ಲುತ್ತದೆಯೇ ಎಂದು ನೋಡಲು ಒಂದು ಪರೀಕ್ಷೆ ಇದೆ. ಒಂದು ಹಗಲು ಒಂದು ರಾತ್ರಿ ಬಿಡದೆ ದೊಡ್ಡ ದೊಡ್ಡ ಸಂಖ್ಯೆಗಳ ಲೆಕ್ಕ ಮಾಡಿಸಬೇಕು. ಒಂದೂ ತಪ್ಪದಿದ್ದರೆ ಪಾಸು. ನೀವು ನೋಡುವ ಅಂಕಿಯ ಸಾಲುಗಳು ಅವೇ. ನಮ್ಮೂರಲ್ಲಿ ಒಂದು ಹಗಲು ಒಂದು ರಾತ್ರಿ ಕರೆಂಟ್ ಎಲ್ಲಿ ಇರುತ್ತದೆ? ಪ್ರತಿ ಸಲ ನಡುವೆಯೇ ಹೋಗುತ್ತಿತ್ತು. ಅದಕ್ಕೆ ಅವನು, ಕರೆಂಟ್ ಬಂದ ಕೂಡಲೇ ಯಂತ್ರ ತಾನೇ ಎದ್ದು ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಶುರು ಮಾಡುವ ಹಾಗೆ ಇಟ್ಟ. ಕೊನೆಯವರೆಗೂ ಪೂರ್ತಿ ಆಗಲೇ ಇಲ್ಲ. ನೀಲಿ ಪರದೆಯ ಹಳದಿ ಪಟ್ಟಿ ಹುಡುಕುವುದು ಅವನು ಕಳೆದುಕೊಂಡದ್ದನ್ನಲ್ಲ. ಸರಿಯಾಗಿ ಬಂದ್ ಮಾಡದೆ ಕರೆಂಟ್ ಹೋದರೆ ಯಂತ್ರ ತನ್ನ ಡಿಸ್ಕನ್ನು ತಾನು ತಪಾಸಣೆ ಮಾಡಿಕೊಳ್ಳುತ್ತದೆ.

ಇದೆಲ್ಲ ನಿಮ್ಮ ಮೊದಲ ಪತ್ರ ಓದಿದಾಗಲೇ ನನಗೆ ಗೊತ್ತಿತ್ತು. ನೀವು ಉಂಡೆ ಅಂತ ಬರೆದಿದ್ದಿರಿ. ಅದನ್ನು ಓದಿದ ಮೇಲೆ ಖರೇ ಬರೆಯಲು ನನ್ನ ಕೈ ಏಳಲಿಲ್ಲ.

ಈಗ ಹೀಗೆ ಮಾಡಿ. ಮಣ್ಣನ್ನು ಸ್ಪಿರಿಟ್ಟಿನಿಂದ ಪೂರ್ತಿ ತೆಗೆದು, ಕಪಾಟಿನ ಟ್ಯೂಬಿನಿಂದ ಸಾಸಿವೆಯಷ್ಟು ಹಚ್ಚಿ, ಕೂಲರ್ ಕೂಡಿಸಿ, ಫ್ಯಾನಿನ ವೈರು ಸಿಕ್ಕಿಸಿದ್ದು ಖಾತ್ರಿ ಮಾಡಿಕೊಳ್ಳಿ. ಫ್ಯಾನ್ ತಿರುಗದಿದ್ದರೆ ಒಂದು ಗಳಿಗೆಯೂ ಚಾಲೂ ಇಡಬೇಡಿ. ಚಾಲೂ ಆಗುವಾಗ ‘ಡಿಲೀಟ್’ ಗುಂಡಿ ಒತ್ತುತ್ತಿದ್ದರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಬಿಸಿ ಎಷ್ಟೆಂದು ತೋರಿಸುತ್ತದೆ. ವೇಗವನ್ನು ಮುನ್ನೂರ ಅರವತ್ತಾರಕ್ಕೆ ಇಳಿಸಿ, ಕರೆಂಟ್ ಬಂದಾಗ ಏಳುವ ಸೆಟ್ಟಿಂಗನ್ನು ತೆಗೆಯಿರಿ. ಪರದೆಯಲ್ಲಿ ಏನೇನು ಬರುತ್ತದೆ, ಎಲ್ಲಿ ಒತ್ತಬೇಕು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಏಳುವ ಸೆಟ್ಟಿಂಗನ್ನು ತೆಗೆಯದಿದ್ದರೂ ನಡೆಯುತ್ತದೆ. ಅದು ನಿಮ್ಮ ಇಷ್ಟ.

ಮಶಾಕ


ಶಹಾಬಾದ
೨ ಜುಲೈ ೨೦೦೧

ಮಶಾಕನಿಗೆ,

ನಿನ್ನ ಪತ್ರ ಮೇ ತಿಂಗಳಲ್ಲೇ ಮುಟ್ಟಿತು. ಉತ್ತರ ಬರೆಯುವ ಮನಸ್ಸಾಗಲಿಲ್ಲ. ನಿನ್ನ ಮೇಲಿನ ಸಿಟ್ಟು ಇಳಿಯಲು ಇಷ್ಟು ದಿನ ಬೇಕಾಯಿತು. ನಾಲ್ಕು ತಿಂಗಳು, ಹುಚ್ಚಿಯೊಬ್ಬಳು ಯಂತ್ರವನ್ನೇ ತಮ್ಮನೆಂದು ನಂಬಿರುವುದನ್ನು ನೋಡುತ್ತಾ ಕೂತೆಯಲ್ಲ! ನೀನು ನನ್ನ ಕ್ಲಾಸಿನಲ್ಲಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಗೋಪಿಚಂದನವಲ್ಲ ಎಂದು ಓದಿದಾಗ ಅವನು ಇನ್ನೊಂದು ಸಲ ಹೋದ ಹಾಗಾಯಿತು. ನಿನ್ನ ಮೇಲೆ ಸಿಟ್ಟು ಅದಕ್ಕೇ ಹೆಚ್ಚು. ಅವನು ಗುಟ್ಟಾಗಿ ನನ್ನ ಮಾತು ಕೇಳಿದ್ದ ಎಂದು ಒಂದಿಷ್ಟು ದಿನ ಬೀಗಿದ್ದೆ. ಕೇಳಿರಲಿಲ್ಲ. ಹಟಮಾರಿ, ಹಟಮಾರಿಯಾಗಿಯೇ ಹೋದ.

ಆಮೇಲೆ ಒಂದು ದಿನ ನಿನ್ನ ಹಾಳೆ ಹಿಡಿದು ಕೂತೆ. ಮಣ್ಣು ತೆಗೆದೆ, ಪೇಸ್ಟು ಹಚ್ಚಿದೆ, ವೇಗ ಇಳಿಸಿದೆ. ಸೆಟ್ಟಿಂಗನ್ನೂ ತೆಗೆದೆ. ಮರುದಿನ ಶಾಲೆಯಿಂದ ಬಂದಾಗ ಕರೆಂಟ್ ಇರಲಿಲ್ಲ. ಸ್ಟೂಲಿನ ಮೇಲೆ ಕೂತೆ. ಕರೆಂಟ್ ಬಂತು. ಮನೆಯೆಲ್ಲ ಬೆಳಕಾಯಿತು, ಪಕ್ಕದ ಮನೆಯಲ್ಲಿ ರೇಡಿಯೋ ಶುರುವಾಯಿತು. ಇದು ಮಾತ್ರ ಸುಮ್ಮನಿತ್ತು. ಬಹಳ ಹೊತ್ತು ಕಾದೆ. ಕಡೆಗೆ ಗುಂಡಿಯನ್ನು ನಾನೇ ಒತ್ತಿದೆ. ಆ ಕೋಣೆ ನನಗೆ ಅಷ್ಟು ಖಾಲಿ ಎಂದೂ ಕಂಡಿರಲಿಲ್ಲ.

ಇಷ್ಟನ್ನು ನಂಬಿದೆ. ಆದರೆ ಒಂದು ಉಳಿಯಿತು. ಚಾಲೂ ಆಗುವುದಕ್ಕೆ ಸೆಟ್ಟಿಂಗ್ ಅಂದೆ, ಕೂಗಿಗೆ ಬಿಸಿ ಅಂದೆ, ಬಿಳಿಯದಕ್ಕೆ ಪೇಸ್ಟು ಅಂದೆ. ಅವತ್ತು ಹೆಸರು ಹಿಡಿದು ಕರೆದ ಧ್ವನಿಗೆ ಯಾವ ಸೆಟ್ಟಿಂಗ್? ಅದರ ಬಗ್ಗೆ ನಿನ್ನ ಪತ್ರದಲ್ಲಿ ಒಂದಕ್ಷರ ಇಲ್ಲ. ನೀನು ಹೇಳಲಾಗದ್ದಿದ್ದಾಗ ಬೇರೆ ಮಾತು ತೆಗೆಯುವವನು.

ನಿನ್ನ ಪತ್ರಗಳನ್ನೆಲ್ಲ ಮತ್ತೆ ಸಾಲಾಗಿ ಓದಿದೆ. ಫ್ಯಾನ್ ಇದೆ, ಕೂಲರ್ ಇದೆ, ನಿಮ್ಮ ಚಾಚಾನ ಲೂನಾ ಕೂಡ ಇದೆ. ಅವನ ಹೆಸರು ಎಲ್ಲಿಯೂ ಇಲ್ಲ. ಅವನು, ಅವನು, ಅಷ್ಟೇ. ಯಾಕೋ?

ಕಾಕಾ ಇನ್ನು ಕಾಯುವುದಿಲ್ಲ. ಆ ಧ್ವನಿ ಅವನದಾಗಿದ್ದರೆ ಅವನು ಇನ್ನೂ ಇಲ್ಲೇ ಇದ್ದಾನೆ, ಯಾರು ಏನೇ ಅನ್ನಲಿ ನಾನು ಅವನನ್ನು ಕಳಿಸಿಕೊಡುವುದಿಲ್ಲ. ಅವನದಲ್ಲ ಎನ್ನುವುದಾದರೆ ಯಾರದು ಎಂದು ಹೇಳು.

ಭಾಮಾ


ಚಿಂಚೋಳಿ
೯ ಜುಲೈ ೨೦೦೧

ಭಾಮಕ್ಕಾ,

ಧ್ವನಿ ನಂದು.

ಗೋಪಿಚಂದನ ಹಚ್ಚೀನಿ ಅಂತ ನೀವು ಬರೆದ ಪತ್ರ ಬಂದಾಗ, ಬೆಂಕಿ ಹತ್ತಿದರೆ ಗತಿಯೇನು ಅಂತ ಅಂಗಡಿ ಬಿಟ್ಟು ಸಿಕ್ಕ ಬಸ್ಸು ಹತ್ತಿದೆ. ಬುಧವಾರ ದೀಪ ಹಚ್ಚುವ ಹೊತ್ತಿಗೆ ನಿಮ್ಮ ಓಣಿಗೆ ಮುಟ್ಟಿದೆ. ಬಾಗಿಲು ಬಡಿಯಲು ಕೈ ಏಳಲಿಲ್ಲ. ಆ ಮನೆಯ ಬಾಗಿಲು ನಾನು ಯಾವತ್ತೂ ಬಡಿದವನಲ್ಲ, ಕಿಟಕಿಯಲ್ಲಿ ನಿಂತು ಕರೆಯುವುದೇ ರೂಢಿ. ಕಿಟಕಿಗೆ ಹೋದೆ. ಒಳಗೆ ಕತ್ತಲೆ. ಕುರ್ಚಿ ಇದ್ದಲ್ಲೇ ಇತ್ತು. ಗೂಟಕ್ಕೆ ಅವನ ಚೌಕಳಿ ಅಂಗಿ ಹಾಗೇ ತೂಗುತ್ತಿತ್ತು, ನೀವು ತೆಗೆದಿಲ್ಲ.

ಆಗಲೇ ಕರೆಂಟ್ ಬಂತು. ‘ಪೀಂ’ ಅಂತು, ಪರದೆ ಬೆಳಗಿತು.

ಆ ಸೆಟ್ಟಿಂಗ್ ಹಾಕುವಾಗ ನಾನು ಅವನ ಪಕ್ಕದಲ್ಲೇ ಕೂತಿದ್ದೆ ಅಕ್ಕಾ. ಯಾವ ಸಾಲಿನಲ್ಲಿದೆ, ಹೇಗೆ ಬದಲಿಸಬೇಕು ಎಲ್ಲ ನನಗೆ ಗೊತ್ತು. ಜಿಲ್ಲೆಯಲ್ಲಿ ನನ್ನಷ್ಟು ಗೊತ್ತಿರುವವರು ನಾಲ್ಕು ಜನ ಇದ್ದರೆ ಹೆಚ್ಚು. ಆದರೂ ಆ ಬೆಳಕು ಕುರ್ಚಿಯ ಮೇಲೆ ಬಿದ್ದಾಗ ನನ್ನ ಬಾಯಿಂದ ತಾನೇ ಬಂತು. “ಕೌಸ್ತುಭಾ” ಅಂದೆ. ಅಂದು, ಅವ “ಬಾರಲೇ ಮಶ್ಯಾ, ಯಾಕ ತಡಾ ಮಾಡಿದಿ” ಅಂತಾನ ಅಂತ ನಿಂತೆ. ಖರೇನ ನಿಂತೆ. ಒಳಗೆ ಗಾಜು ಒಡೆದ ಸಪ್ಪಳ, ನೀವು ಓಡಿ ಬರುವ ಸಪ್ಪಳ ಕೇಳಿತು. ಅಂಜಿ ಓಡಿದೆ. ಸ್ಟೇಷನ್ನಿನ ತನಕ ಓಡಿದೆ. ವಾಡಿಯ ಪ್ಯಾಸೆಂಜರ್ ರೈಲಿನಲ್ಲಿ ಕೂತ ಮೇಲೆ ಅಳು ಬಂತು.

ನಿಮಗೆ ಹೇಳಲು ನಾಚಿಕೆ ಆಯಿತು. ಸತ್ತವರು ಯಂತ್ರದಲ್ಲಿ ಇರುವುದಿಲ್ಲ ಅಂತ ನಿಮಗೆ ಬರೆಯುವವನು ನಾನು, ಕರೆದವನೂ ನಾನು. ಹೆಸರು ಯಾಕೆ ಬರೆಯಲಿಲ್ಲ ಅಂತ ಕೇಳಿದಿರಿ. ಬರೆಯಲು ಕೂತರೆ ಮುಂದಿನ ಶಬ್ದ ‘ಹೋದ’ ಅಂತ ಬರೆಯಬೇಕಾಗುತ್ತಿತ್ತು.

ಕೌಸ್ತುಭ ನನ್ನ ದೋಸ್ತ ಇದ್ದ, ಅಕ್ಕಾ. ನನಗ ಇನ್ನೊಬ್ಬ ಅಂಥವ ಇಲ್ಲ.

ಮಶಾಕ


ಶಹಾಬಾದ
೧೩ ಜುಲೈ ೨೦೦೧

ಚಿರಂಜೀವಿ ಮಶಾಕನಿಗೆ,

ನಿನ್ನ ಪತ್ರ ಓದಿ ಹೊರಗಿನ ಕೋಣೆಯಲ್ಲಿ ಕೂತು ಅತ್ತೆ. ಆಮೇಲೆ ಎದ್ದು ಮುಖ ತೊಳೆದು ಕಾಕಾಗೆ ಕಾಗದ ಬರೆದೆ, ಶ್ರಾವಣದ ತಿಥಿಗೆ ಬ್ರಾಹ್ಮಣರಿಗೆ ಹೇಳಿಬಿಡಿ ಎಂದು.

ಅವತ್ತು ಕಿಟಕಿಯಿಂದ ನೀನು ಕರೆದೆ. ಆಮೇಲೆ ಕೋಣೆಯಿಂದ ನಾನು ಕರೆದೆ. ಅವನು ಯಾರ ಮಾತು ಮೀರಿದರೂ ನಮ್ಮಿಬ್ಬರಲ್ಲಿ ಒಬ್ಬರು ಕರೆದರೆ, ಎಲ್ಲಿದ್ದರೂ ಓ ಅನ್ನದೆ ಇರುತ್ತಿರಲಿಲ್ಲ. ಇದ್ದಿದ್ದರೆ ಓ ಅನ್ನುತ್ತಿದ್ದ. ಅವನು ಇಲ್ಲ ಮಶಾಕ. ಹೋಗಿ ಬಹಳ ದಿನವಾಗಿದೆ, ನಾವಿಬ್ಬರೇ ಉಳಿದಿದ್ದೇವೆ.

ತಿಥಿಯ ಹಿಂದಿನ ದಿನವೇ ಬಾ. ಅವನ ಅಂಗಿ ನಿನಗೆ ಆಗುತ್ತದೆ, ತೆಗೆದಿಟ್ಟಿದ್ದೇನೆ. ಕಿಟಕಿಯಲ್ಲಿ ನಿಲ್ಲಬೇಡ, ಬಾಗಿಲಿನಿಂದ ಬಾ.

ಭಾಮಕ್ಕ